ಮಂಡಿ ಮೇಲಿನ ಊತ, ಮೂರು ವರದಿ, ಮೂರು ಹೆಸರು: ಕೋಲಾರ ಜಿಲ್ಲೆಯ ಒಂದು ಪ್ರಕರಣ ಅಧ್ಯಯನ

ಇದು ಬೋಧನೆಗೆಂದು ಬರೆದ ಪ್ರಕರಣ. ಈ ಬಗೆಯ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣ, ಅಳತೆ, ಎಡವಟ್ಟುಗಳನ್ನು ಒಬ್ಬಳೇ ರೋಗಿಯ ಕಥೆಯಾಗಿ ಜೋಡಿಸಿದೆ. ವಯಸ್ಸು, ತಾಲ್ಲೂಕು ಯಾರನ್ನೂ ಗುರುತಿಸುವುದಿಲ್ಲ.

ಬಂದಾಗಿನ ಸ್ಥಿತಿ

ಶ್ರೀನಿವಾಸಪುರ ತಾಲ್ಲೂಕಿನ 14 ವರ್ಷದ ಹುಡುಗಿ, 9ನೇ ತರಗತಿ. ತೂಕ 42 ಕೆ.ಜಿ., ಎತ್ತರ 150 ಸೆಂ.ಮೀ. ಬಲ ಮಂಡಿಚಿಪ್ಪಿನ ಮೇಲೆ, ತೊಡೆಯ ಒಳಮಗ್ಗುಲಲ್ಲಿ ಮೆತ್ತನೆಯ ಊತ. ನಾಲ್ಕೈದು ವರ್ಷದವಳಿದ್ದಾಗಲೇ ಅಲ್ಲೊಂದು ಸಣ್ಣ ಉಬ್ಬಿತ್ತು. ನೋವಿರಲಿಲ್ಲವಾದ್ದರಿಂದ ಮನೆಯವರು ತಲೆಕೆಡಿಸಿಕೊಳ್ಳಲಿಲ್ಲ. ಮೈನೆರೆದ ಮೇಲೆ, ಅಂದರೆ ಕಳೆದ ಒಂದೂವರೆ ವರ್ಷದಲ್ಲಿ, ಊತವೂ ನೋವೂ ಏರಿವೆ. ಎರಡು ಸಲ ಮಂಡಿಯೇ ದಿಢೀರನೆ ಬಾತುಕೊಂಡಿತ್ತು. ಒಮ್ಮೆ ಖೋ ಖೋ ಆಡಿ ಬಂದ ಸಂಜೆ, ಇನ್ನೊಮ್ಮೆ ಯಾವ ಪೆಟ್ಟೂ ಇಲ್ಲದೆ.

ತಾಯಿಯ ಒಂದು ಮಾತು ರೋಗನಿರ್ಣಯದ ಅರ್ಧ ಕೆಲಸ ಮುಗಿಸಿತು: "ರಾತ್ರಿಯೆಲ್ಲ ಮಲಗಿದ್ರೆ ನೋವು ಕಮ್ಮಿ ಆಗ್ಬೇಕಲ್ವಾ ಮೇಡಂ, ಇವ್ಳಿಗೆ ಎದ್ದಾಗ್ಲೇ ಜಾಸ್ತಿ." ಓಡಾಡಿ ಸವೆದ ಮಂಡಿ ಸಂಜೆ ನೋಯುತ್ತದೆ. ಅಭಿಧಮನಿಗಳ ಹುಟ್ಟು ರಚನಾದೋಷ ಬೆಳಿಗ್ಗೆ ನೋಯುತ್ತದೆ. ರಾತ್ರಿ ಸ್ನಾಯು ಅಲುಗಾಡುವುದಿಲ್ಲ, ಕವಾಟವೂ ಸರಿಯಾದ ಸ್ನಾಯುಪದರವೂ ಇಲ್ಲದ ಆ ಪೊಳ್ಳುಗಳಲ್ಲಿ ರಕ್ತ ನಿಂತುಬಿಡುತ್ತದೆ, ಅಲ್ಲಲ್ಲಿ ಸಣ್ಣದಾಗಿ ಹೆಪ್ಪುಗಟ್ಟುತ್ತದೆ. ಒಂದಷ್ಟು ಹೊತ್ತು ನಡೆದಾಡಿದರೆ ಕಮ್ಮಿಯಾಗುವುದು, ಕಾಲು ಇಳಿಬಿಟ್ಟು ತುಂಬಾ ಹೊತ್ತು ಕೂತರೆ ಮತ್ತೆ ಬರುವುದು ಇದರ ಚಾಳಿ.

ಈ ಭಾಗದಲ್ಲಿ ಎಳೆಯರಿಗೆ ಮಂಡಿ ನೋವೆಂದರೆ ಮೊದಲು ಬೆರಳು ತೋರುವುದು ಕೊಳವೆಬಾವಿ ನೀರಿನ ಫ್ಲೋರೈಡಿನ ಕಡೆಗೆ. ಕಾರಣವಿಲ್ಲದೆ ಅಲ್ಲ: ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಕೋಲಾರ, ಚಿಕ್ಕಬಳ್ಳಾಪುರಗಳ ಎಷ್ಟೋ ಆಳದ ಬಾವಿಗಳು ಮೀರುತ್ತವೆ. ಆದರೆ ಫ್ಲೋರೋಸಿಸ್ ಒಂದೇ ಕಾಲಿನ ಒಂದೇ ಮಗ್ಗುಲಲ್ಲಿ ಮೆತ್ತನೆಯ ಗಂಟು ಮಾಡುವುದಿಲ್ಲ. ಈ ಹುಡುಗಿಗೆ ಆರು ತಿಂಗಳು ಕ್ಯಾಲ್ಸಿಯಂ ಮಾತ್ರೆ ನಡೆದಿತ್ತು. ಎಣ್ಣೆ ತಿಕ್ಕಿಸಿದ್ದರು, ಅದರಿಂದ ನೋವು ಹೆಚ್ಚಿತು. ನಾಟಿ ಕಟ್ಟು ಹಾಕಿಸಿದಾಗ ಮೂರು ವಾರ ನೋವು ತಗ್ಗಿತ್ತು. ಇದನ್ನು ಅಲ್ಲಗಳೆಯುವ ಬದಲು ಟಿಪ್ಪಣಿ ಮಾಡಿಕೊಳ್ಳಬೇಕು: ಬಿಗಿಯಾಗಿ ಸುತ್ತಿದಾಗ ನೋವು ಇಳಿಯುವುದು ನಿಧಾನ ಹರಿವಿನ ದೋಷದ ಗುರುತು. ಕಟ್ಟಿನ ಬೆಲೆಯೂ ಇತ್ತು, ಮಂಡಿ ಮಡಿಸದೆ ಇದ್ದು ತೊಡೆಯ ಸ್ನಾಯು ಸೊರಗಿತ್ತು.

ಕೈಯಲ್ಲಿ ಮೂರು ವರದಿಗಳಿದ್ದವು. ಮೊದಲ ಅಲ್ಟ್ರಾಸೌಂಡ್: ಹಳೆಯ ರಕ್ತಗಂಟು, ಹೆಮಟೋಮ. ಎರಡನೆಯದು: ನೀರು ತುಂಬಿದ ಕೋಶಗಳು, ರಕ್ತ ಹರಿವಿಲ್ಲ, ಲಿಂಫಾಂಜಿಯೋಮ (ದುಗ್ಧನಾಳಗಳ ಗಂಟು). ಮೂರನೆಯದು ಕಾಂಟ್ರಾಸ್ಟ್ (ನಾಳಗಳನ್ನು ಎದ್ದು ತೋರಿಸುವ ಮದ್ದು) ಇಲ್ಲದ ಮಂಡಿಯ ಎಂಆರ್‌ಐ: ಸ್ನಾಯುವಿನೊಳಗಿನ ಹೆಮಾಂಜಿಯೋಮ (ರಕ್ತನಾಳಗಳ ಗಡ್ಡೆ). ಕೊನೆಯ ಹೆಸರು ನೋಡಿ ಪ್ರೊಪ್ರನೊಲಾಲ್ ಶುರುವಾಗಿ ಎರಡು ತಿಂಗಳು ನಡೆದಿತ್ತು. ಮಂಡಿ ಬಾತಾಗ ಒಮ್ಮೆ ಸೂಜಿ ಹಾಕಿ 30 ಮಿ.ಲೀ. ರಕ್ತ ತೆಗೆದಿದ್ದರು, ಆಮೇಲೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಯಾದ ಹಿಮೋಫಿಲಿಯಾ ಪರೀಕ್ಷೆ ಮಾಡಿಸಿ ಅದು ಸಹಜ ಎಂದು ಬಂದಿತ್ತು.

ಹೆಸರು ತಪ್ಪಿದರೆ ಔಷಧಿಯೂ ತಪ್ಪುತ್ತದೆ ಎಂಬುದಕ್ಕೆ ಆ ಪ್ರೊಪ್ರನೊಲಾಲೇ ಸಾಕ್ಷಿ. ಶಿಶುಗಳ ಹೆಮಾಂಜಿಯೋಮ ಜೀವಕೋಶಗಳು ವಿಭಜನೆಯಾಗಿ ಬೆಳೆಯುವ ಗಡ್ಡೆ. ಹುಟ್ಟಿದ ಕೆಲವು ವಾರಗಳಲ್ಲಿ ಎದ್ದು, ಮೊದಲ ವರ್ಷ ಬೆಳೆದು, ಆಮೇಲೆ ತಾನೇ ಕರಗುತ್ತದೆ. ಅದಕ್ಕೆ ಪ್ರೊಪ್ರನೊಲಾಲ್ ಕೆಲಸ ಮಾಡುತ್ತದೆ. ರಚನಾದೋಷ ಗಡ್ಡೆಯಲ್ಲ. ಹುಟ್ಟುವಾಗಲೇ ಇರುತ್ತದೆ, ಮಗುವಿನ ಜೊತೆಗೇ ಬೆಳೆಯುತ್ತದೆ, ತಾನಾಗಿ ಹೋಗುವುದಿಲ್ಲ. ಮಲ್ಲಿಕನ್ ಮತ್ತು ಗ್ಲೊವಾಕಿ 1982ರಲ್ಲಿ ಈ ಎರಡನ್ನೂ ಬೇರೆ ಮಾಡಿದರು. ರಕ್ತನಾಳ ದೋಷಗಳ ಅಂತರರಾಷ್ಟ್ರೀಯ ಸಂಘವಾದ ಇಸ್ವಾದ ವರ್ಗೀಕರಣ ಅದೇ ತಳಹದಿಯ ಮೇಲೆ ನಿಂತಿದೆ. ಆದರೂ ಹದಿಹರೆಯದ ಸ್ನಾಯುವಿನೊಳಗೆ ಕಂಡ ಎಲ್ಲಕ್ಕೂ ಹೆಮಾಂಜಿಯೋಮ ಎಂದು ಬರೆಯುವ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಹೆಸರಿಗೆ ಮುಂಚೆ ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು, ಇದೇ ಕ್ರಮದಲ್ಲಿ: ಹರಿವು ವೇಗವೋ ನಿಧಾನವೋ? ದೋಷ ಎಲ್ಲಿಂದ ಎಲ್ಲಿಯವರೆಗೆ, ಯಾವ ಯಾವ ಪದರದಲ್ಲಿ? ಅದರ ರಕ್ತ ಎಲ್ಲಿಗೆ ಹೋಗಿ ಸೇರುತ್ತದೆ? ಹಳೆಯ ಮೂರೂ ವರದಿಗಳಲ್ಲಿ ಈ ಮೂರಕ್ಕೂ ಉತ್ತರ ಇರಲಿಲ್ಲ.

ಕೈ ಮತ್ತು ಟೇಪು

ಚರ್ಮದ ಮೇಲೆ ಸುಮಾರು 3 ಸೆಂ.ಮೀ. ಅಗಲದ ತಿಳಿ ನೀಲಿ ಛಾಯೆ. ಬಿಸಿ ಇಲ್ಲ, ಮಿಡಿತ ಇಲ್ಲ, ಕೈಗೆ ಕಂಪನ ತಾಗುವುದಿಲ್ಲ, ಸ್ಟೆತೊಸ್ಕೋಪಿನಲ್ಲಿ ಸದ್ದಿಲ್ಲ. ಒತ್ತಿದರೆ ಇಳಿಯುತ್ತದೆ, ಬಿಟ್ಟರೆ ಮೆಲ್ಲಗೆ ತುಂಬಿಕೊಳ್ಳುತ್ತದೆ. ಪಾದದ ನಾಡಿಗಳು ಎರಡೂ ಕಡೆ ಸಮ.

ಮಂಡಿಚಿಪ್ಪಿನ ಮೇಲಂಚಿನಿಂದ 10 ಸೆಂ.ಮೀ. ಮೇಲೆ ಪೆನ್ನಿನಲ್ಲಿ ಗುರುತು ಹಾಕಿ ಸುತ್ತಳತೆ ತೆಗೆದಾಗ ಬಲ 39, ಎಡ 36.5 ಸೆಂ.ಮೀ. ಕಾಲನ್ನು 45 ಡಿಗ್ರಿ ಎತ್ತಿ ಮೂರು ನಿಮಿಷ ಹಿಡಿದ ಮೇಲೆ ಬಲ 37.5ಕ್ಕೆ ಇಳಿಯಿತು. ಮಂಚದ ಅಂಚಿನಲ್ಲಿ ಕೂತು ಮೂರು ನಿಮಿಷ ಇಳಿಬಿಟ್ಟಾಗ 40. ಭಂಗಿ ಬದಲಿಸಿದರೆ ಎರಡೂವರೆ ಸೆಂಟಿಮೀಟರ್ ಆಡುವ ಊತ ಕೊಬ್ಬಿನ ಗಡ್ಡೆಯೂ ಅಲ್ಲ, ಹಳೆಯ ರಕ್ತಗಂಟೂ ಅಲ್ಲ. ಈ ಪರೀಕ್ಷೆಗೆ ಬೇಕಾದದ್ದು ಒಂದು ಟೇಪು. ಹಿಂದಿನ ಯಾವ ಚೀಟಿಯಲ್ಲೂ ಈ ಅಳತೆ ಇರಲಿಲ್ಲ ಎಂಬುದು ಬೇಸರದ ಸಂಗತಿ.

ಕಾಲುಗಳ ಉದ್ದ ಸಮ. ಚರ್ಮದಲ್ಲಿ ಕೆಂಪು ಮಚ್ಚೆ ಇಲ್ಲ, ತೊಡೆಯ ಹೊರಮಗ್ಗುಲಲ್ಲಿ ದೊಡ್ಡ ಅಸಹಜ ನಾಳ ಇಲ್ಲ. ಹಾಗಾಗಿ ಈ ಮೂರೂ ಒಟ್ಟಿಗೆ ಬರುವ ಕ್ಲಿಪ್ಪೆಲ್–ಟ್ರೆನೌನೆ ಸಿಂಡ್ರೋಮ್ ಲೆಕ್ಕದಿಂದ ಹೊರಗೆ. ಮಂಡಿ 110 ಡಿಗ್ರಿಯವರೆಗೆ ಮಾತ್ರ ಮಡಚುತ್ತದೆ.

ರಕ್ತ ಪರೀಕ್ಷೆ, ಎಕ್ಸ್‌ರೇ

ಹಿಮೋಗ್ಲೋಬಿನ್ 10.4, ಪ್ಲೇಟ್‌ಲೆಟ್ 1.6 ಲಕ್ಷ, ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಪಿಟಿ ಮತ್ತು ಎಪಿಟಿಟಿ ಸಹಜ. ಹೆಪ್ಪುಗಟ್ಟಲು ಬೇಕಾದ ಪ್ರೋಟೀನಾದ ಫೈಬ್ರಿನೋಜೆನ್ 165 ಮಿಲಿಗ್ರಾಂ, ಸಹಜ ಮಿತಿ 200ರಿಂದ 400. ಹೆಪ್ಪು ಕರಗಿದಾಗ ಉಳಿಯುವ ಚೂರಾದ ಡಿ-ಡೈಮರ್ 3,200 ನ್ಯಾನೋಗ್ರಾಂ, ಸಹಜವೆಂದರೆ 500ರ ಒಳಗೆ.

ದೋಷದೊಳಗೇ ರಕ್ತ ಹೆಪ್ಪುಗಟ್ಟುತ್ತ, ಕರಗುತ್ತ ಇರುವುದರಿಂದ ಫೈಬ್ರಿನೋಜೆನ್ ಖರ್ಚಾಗಿ ಡಿ-ಡೈಮರ್ ಏರುತ್ತದೆ. ನಿಧಾನ ಹರಿವಿನ ಊತವೊಂದು ಅಭಿಧಮನಿಯದೋ ದುಗ್ಧನಾಳದ್ದೋ ಎಂಬ ಅನುಮಾನವಿದ್ದಾಗ ಏರಿದ ಡಿ-ಡೈಮರ್ ತಕ್ಕಡಿಯನ್ನು ಅಭಿಧಮನಿಯ ಕಡೆ ವಾಲಿಸುತ್ತದೆ. ಇಲ್ಲಿ ಎರಡು ಎಡವಟ್ಟು ಸಾಮಾನ್ಯ. ಕಾಲೂತ ಮತ್ತು ಡಿ-ಡೈಮರ್ ಎರಡನ್ನೂ ಒಟ್ಟಿಗೆ ನೋಡಿ ಆಳದ ಅಭಿಧಮನಿಯ ಹೆಪ್ಪು ಎಂದು ತೀರ್ಮಾನಿಸುವುದು ಒಂದು. ಅದನ್ನು ತೊಡೆ ಮತ್ತು ಮಂಡಿ ಹಿಂದಿನ ಅಭಿಧಮನಿಗಳನ್ನು ಅಲ್ಟ್ರಾಸೌಂಡ್ ಪ್ರೋಬಿನಿಂದ ಒತ್ತಿ ನೋಡಿ ತಳ್ಳಿಹಾಕಬೇಕು, ಇಲ್ಲಿ ಅವು ಪೂರ್ತಿ ಮುಚ್ಚಿಕೊಂಡವು. ಕಸಬಾಕ್–ಮೆರಿಟ್ ಎಂದು ಬರೆಯುವುದು ಇನ್ನೊಂದು. ಅದು ಬೇರೆ ಬಗೆಯ ಗಡ್ಡೆಗಳಲ್ಲಿ ಬರುತ್ತದೆ, ಅದರಲ್ಲಿ ಪ್ಲೇಟ್‌ಲೆಟ್ ತೀವ್ರವಾಗಿ ಕುಸಿಯುತ್ತದೆ. ಫೈಬ್ರಿನೋಜೆನ್ ನೋಡದೆ ಮಂಡಿಗೆ ಸೂಜಿ, ಬಯಾಪ್ಸಿ, ಕತ್ತರಿ ಯಾವುದನ್ನೂ ಹಾಕಬಾರದು. ಪಿಟಿ, ಎಪಿಟಿಟಿ ಸಹಜ ಇದ್ದ ಮಾತ್ರಕ್ಕೆ ರಕ್ತಸ್ರಾವ ಆಗುವುದಿಲ್ಲ ಎಂದು ನಂಬುವಂತಿಲ್ಲ.

ಎಕ್ಸ್‌ರೇಯನ್ನು ಮೂಳೆಗಾಗಿ ಅಲ್ಲ, ಮಾಂಸಕ್ಕಾಗಿ ತೆಗೆಯಬೇಕು. ಅಂದರೆ ಕಡಿಮೆ ಕಿಲೋವೋಲ್ಟ್‌ನಲ್ಲಿ, ತೊಡೆಯ ಕೆಳ ಅರ್ಧವೂ ಬರುವಂತೆ, ಎದುರು ಮತ್ತು ಪಕ್ಕದ ಎರಡು ನೋಟ. ಹೀಗೆ ತೆಗೆದಾಗ ಮೃದುಭಾಗದಲ್ಲಿ 3ರಿಂದ 6 ಮಿ.ಮೀ. ಗಾತ್ರದ ನಾಲ್ಕು ದುಂಡು ಕಲ್ಲುಗಳು ಕಂಡವು. ಎರಡರಲ್ಲಿ ನಡುವೆ ತಿಳಿ ಚುಕ್ಕೆ, ಸುತ್ತ ಉಂಗುರ. ಇವು ಫ್ಲೆಬೊಲಿತ್‌ಗಳು, ಹಳೆಯ ಹೆಪ್ಪು ಸುಣ್ಣಗಟ್ಟಿ ಆದ ಹರಳುಗಳು. ಮಕ್ಕಳ ಕೈಕಾಲಿನ ಊತದಲ್ಲಿ ಇವು ಸಿಕ್ಕರೆ ಅಭಿಧಮನಿಯ ದೋಷ ಎಂದು ಬಹುಮಟ್ಟಿಗೆ ಖಚಿತ; ಸಿಗದಿದ್ದರೆ ಅದಲ್ಲ ಎನ್ನಲಾಗದು. ಪೆಟ್ಟಿನ ನಂತರ ಸ್ನಾಯುವಿನಲ್ಲಿ ಬೆಳೆಯುವ ಮೂಳೆಗೆ ಅಂಚಿನಲ್ಲಿ ಗಟ್ಟಿತನ ಹೆಚ್ಚು. ಸೈನೋವಿಯಲ್ ಸಾರ್ಕೋಮ ಎಂಬ ಕ್ಯಾನ್ಸರ್ ಗಡ್ಡೆಯ ಸುಣ್ಣ ಪುಡಿಪುಡಿಯಾಗಿ, ಅಡ್ಡಾದಿಡ್ಡಿಯಾಗಿರುತ್ತದೆ. ಮೂಳೆಗಳ ಸಾಂದ್ರತೆ ಸಹಜವಿತ್ತು. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣವೂ ಇರಲಿಲ್ಲ. ಫ್ಲೋರೈಡಿನ ಮಾತು ಅಲ್ಲಿಗೆ ಮುಗಿಯಿತು.

ಡಾಪ್ಲರ್: ಹರಿವಿಲ್ಲ ಎಂದು ಬರೆಯುವ ಮುನ್ನ

ಡಾಪ್ಲರ್ ಎಂದರೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಅಲ್ಟ್ರಾಸೌಂಡ್. ಹಿಂದಿನ ಎರಡು ಸ್ಕ್ಯಾನಿಂಗ್‌ಗಳ ಚಿತ್ರಗಳು ಲಭ್ಯವಿದ್ದವು. ಹರಿವು ಏಕೆ ಕಾಣಲಿಲ್ಲ ಎಂಬುದು ಚಿತ್ರದ ಅಂಚಿನಲ್ಲೇ ಅಚ್ಚಾಗಿತ್ತು: ಬಣ್ಣದ ಪಟ್ಟಿಯ ವೇಗದ ಮಿತಿ ಒಂದರಲ್ಲಿ ಸೆಕೆಂಡಿಗೆ 28 ಸೆಂ.ಮೀ., ಇನ್ನೊಂದರಲ್ಲಿ 31. ಇಂಥ ಪೊಳ್ಳುಗಳಲ್ಲಿ ರಕ್ತ ಸೆಕೆಂಡಿಗೆ ಐದು ಸೆಂಟಿಮೀಟರೂ ಚಲಿಸುವುದಿಲ್ಲ. ಮಿತಿ ಏರಿಸಿದಂತೆ ಬಹುಪಾಲು ಯಂತ್ರಗಳಲ್ಲಿ ವಾಲ್ ಫಿಲ್ಟರ್ ಕೂಡ ತಾನಾಗಿ ಏರಿ, ನಿಧಾನದ ಸಂಕೇತವನ್ನು ಗದ್ದಲವೆಂದು ಸೋಸಿಬಿಡುತ್ತದೆ. ಜೊತೆಗೆ ರೋಗಿ ಮಲಗಿದ್ದಾಳೆ, ಕಾಲು ಹೃದಯದ ಮಟ್ಟದಲ್ಲಿದೆ, ಪ್ರೋಬು ಒತ್ತಿ ಹಿಡಿದಿದೆ. ಇದ್ದಷ್ಟು ರಕ್ತವೂ ಖಾಲಿ.

ಈ ಬಾರಿ ಮಾಡಿದ್ದು ಹೀಗೆ. ಬಂದವಳನ್ನು ಹತ್ತು ನಿಮಿಷ ಸುಮ್ಮನೆ ಕೂರಿಸಲಾಯಿತು. ಬಸ್ ಸ್ಟ್ಯಾಂಡಿನಿಂದ ನಡೆದು ಬಂದ ಕಾಲಿನಲ್ಲಿ ಸ್ನಾಯುವಿನ ಅಪಧಮನಿಗಳು ಹಿಗ್ಗಿ ಡಯಾಸ್ಟೊಲಿಕ್, ಅಂದರೆ ಹೃದಯದ ಎರಡು ಬಡಿತಗಳ ನಡುವಿನ, ಹರಿವು ಏರಿರುತ್ತದೆ. ಅದನ್ನು ವೇಗ ಹರಿವಿನ ದೋಷವೆಂದು ತಪ್ಪು ತಿಳಿಯುವ ಅಪಾಯವಿದೆ. 5ರಿಂದ 12 ಮೆಗಾಹರ್ಟ್ಸ್ ಲೀನಿಯರ್ ಪ್ರೋಬು. ಪ್ರೋಬಿಗೂ ಚರ್ಮಕ್ಕೂ ನಡುವೆ ದಪ್ಪನೆಯ ಜೆಲ್ ಪದರ ಉಳಿಯುವಷ್ಟು ಹಗುರವಾದ ಕೈ. ಮೊದಲು ಬಣ್ಣವಿಲ್ಲದೆ ಮೇಲಿನಿಂದ ಕೆಳಗೆ ಇಡೀ ತೊಡೆ, ನಂತರ ಎಡ ತೊಡೆಯ ಅದೇ ಜಾಗ.

ಒಳತೊಡೆಯ ವಾಸ್ಟಸ್ ಮೀಡಿಯಾಲಿಸ್ ಸ್ನಾಯುವಿನ ಎಳೆಗಳ ನಡುವೆ ಕಂಡದ್ದು ಒಣಗಿದ ಹೀರೆಕಾಯಿಯ ಜಾಲರಿಯಂಥ ರಚನೆ: 3ರಿಂದ 12 ಮಿ.ಮೀ. ಅಗಲದ ಕಪ್ಪು ಪೊಳ್ಳುಗಳು, ನಡುವೆ ತೆಳು ಗೋಡೆ. ಪ್ರೋಬನ್ನು ಒತ್ತಿದರೆ ಪೊಳ್ಳುಗಳು ಮುಚ್ಚುತ್ತವೆ, ಮೂರು ಜಾಗ ಬಿಟ್ಟು. ಅಲ್ಲಿ ಹೊಸ ಹೆಪ್ಪು. ನಾಲ್ಕು ಹರಳುಗಳ ಹಿಂದೆ ನೆರಳು.

ಬಳಿಕ ಬಣ್ಣ. ಮಿತಿಯನ್ನು ಸೆಕೆಂಡಿಗೆ 4 ಸೆಂ.ಮೀ.ಗೆ ಇಳಿಸಿ, ವಾಲ್ ಫಿಲ್ಟರನ್ನು ಕನಿಷ್ಠಕ್ಕೆ ತಂದು, ಕಲರ್ ಗೇನನ್ನು ಚುಕ್ಕೆಗಳು ಏಳುವವರೆಗೆ ಏರಿಸಿ ಅಲ್ಲಿಂದ ಒಂದು ಹೆಜ್ಜೆ ಇಳಿಸಲಾಯಿತು. ಬಣ್ಣದ ಪೆಟ್ಟಿಗೆ ಚಿಕ್ಕದಾಗಿರಬೇಕು, ಇಲ್ಲದಿದ್ದರೆ ಫ್ರೇಮ್ ದರ ಕುಸಿಯುತ್ತದೆ. ಮಲಗಿದ್ದಾಗ ಅಲ್ಲೊಂದು ಇಲ್ಲೊಂದು ಚುಕ್ಕೆ ಅಷ್ಟೆ. ಮಂಚದ ಅಂಚಿನಲ್ಲಿ ಕೂರಿಸಿ ಕಾಲು ಇಳಿಬಿಡಿಸಿದಾಗ ಪೊಳ್ಳುಗಳು ಹಿಗ್ಗಿದವು. ಊತವನ್ನು ಐದು ಸೆಕೆಂಡ್ ಅಂಗೈಯಿಂದ ಅದುಮಿ ಬಿಟ್ಟ ಕ್ಷಣ ಎಲ್ಲೆಡೆ ಬಣ್ಣ ತುಂಬಿತು. ಉಸಿರು ಬಿಗಿಹಿಡಿದು ಹೊಟ್ಟೆ ಮುಕ್ಕಿದಾಗ ಬಣ್ಣ ನಿಂತು, ಬಿಟ್ಟಾಗ ಮತ್ತೆ ಹರಿಯಿತು. ಹರಿವಿನ ವೇಗದ ಏರಿಳಿತ ತೋರಿಸುವ ಸ್ಪೆಕ್ಟ್ರಲ್ ರೇಖೆ ಮಿಡಿತವಿಲ್ಲದೆ ಚಪ್ಪಟೆ.

ವೇಗ ಹರಿವಿನ ದೋಷ ಇಲ್ಲ ಎನ್ನಲು ಇಷ್ಟು ಸಾಲದು. ಎರಡೂ ತೊಡೆಯ ಫೀಮರಲ್ ಅಪಧಮನಿಗಳ ರೇಖೆ ಹೋಲಿಸಬೇಕು. ಇಲ್ಲಿ ಎರಡೂ ಕಡೆ ಮೂರು ಹಂತದ, ಹೆಚ್ಚು ತಡೆಯ, ಸಹಜ ರೇಖೆ. ಅಪಧಮನಿ ಮತ್ತು ಅಭಿಧಮನಿ ನೇರ ಸೇರುವ ದೋಷವಿದ್ದರೆ ತಡೆ ಇಳಿದು ಡಯಾಸ್ಟೊಲಿಕ್ ಹರಿವು ಎತ್ತರದಲ್ಲಿ ಉಳಿಯುತ್ತದೆ, ಹೊರಡುವ ಅಭಿಧಮನಿಯಲ್ಲಿ ಮಿಡಿತ ಕಾಣುತ್ತದೆ. ಊತದೊಳಗೆ ಎರಡು ಕಡೆ ಸಣ್ಣ ಅಪಧಮನಿಯ ರೇಖೆ ಸಿಕ್ಕಿತು. ಅದನ್ನು ನೋಡಿ ಬೆಚ್ಚಬೇಕಿಲ್ಲ, ಸ್ನಾಯುವಿಗೆ ಅನ್ನ ಹಾಕುವ ನಾಳಗಳು ದೋಷದ ನಡುವೆಯೇ ಹಾದು ಹೋಗುತ್ತವೆ. ಅವುಗಳ ತಡೆ ಹೆಚ್ಚಿದೆಯೇ ಎಂದು ನೋಡಿದರೆ ಸಾಕು, ಇತ್ತು.

ದೋಷದ ಮೇಲ್ತುದಿಯಿಂದ ಹೊರಟ 4 ಮಿ.ಮೀ. ಅಗಲದ ಅಭಿಧಮನಿಯೊಂದು ಫೀಮರಲ್ ಅಭಿಧಮನಿಗೆ ಸೇರುತ್ತಿತ್ತು. ಆಳದ ಅಭಿಧಮನಿಗಳು ಇವೆಯೇ, ತೆರೆದಿವೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ಬರೆದಿಡಬೇಕು. ಕೆಲವು ದೋಷಗಳಲ್ಲಿ ಆಳದ ಅಭಿಧಮನಿಯೇ ಬೆಳೆದಿರುವುದಿಲ್ಲ. ಆಗ ವಿಕಾರವಾಗಿ ಕಾಣುವ ಮೇಲಿನ ನಾಳವೇ ಕಾಲಿನ ರಕ್ತಕ್ಕೆ ಉಳಿದ ದಾರಿ. ಅದನ್ನು ಮುಚ್ಚಿದರೆ ಕಾಲೇ ಬಾತುಕೊಳ್ಳುತ್ತದೆ.

ಮೊದಲ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು: ನಿಧಾನ ಹರಿವು, ಅಭಿಧಮನಿಯದು.

ಎಂಆರ್‌ಐ: ವ್ಯಾಪ್ತಿ ಅಳೆಯಲು

ಹಳೆಯ ಎಂಆರ್‌ಐ ಮಾಮೂಲು ಮಂಡಿ ಪರೀಕ್ಷೆ. ಕೀಲಿನಿಂದ 8 ಸೆಂ.ಮೀ. ಮೇಲಕ್ಕೆ ಚಿತ್ರ ನಿಂತುಹೋಗಿತ್ತು, ದೋಷ ಅದನ್ನು ದಾಟಿ ಮೇಲೆ ಹೋಗಿತ್ತು. ಲಿಗಮೆಂಟ್ ಹರಿದಿದೆಯೇ ಎಂದು ನೋಡುವ ಪ್ರೋಟೊಕಾಲ್ ಇಲ್ಲಿ ನಡೆಯುವುದಿಲ್ಲ. ಕೋರಿಕೆ ಚೀಟಿಯಲ್ಲಿ ಬರೀ ಮಂಡಿ ನೋವು ಎಂದಿದ್ದರೆ ತಂತ್ರಜ್ಞರು ಅದನ್ನೇ ಮಾಡುತ್ತಾರೆ, ಅವರ ತಪ್ಪಲ್ಲ. ರಕ್ತನಾಳದ ದೋಷದ ಅನುಮಾನ, ಊತದ ಮೇಲು ಕೆಳಗಿನ ಮಿತಿ, ಡಾಪ್ಲರ್‌ನಲ್ಲಿ ಕಂಡದ್ದು ಈ ಮೂರನ್ನು ಚೀಟಿಯಲ್ಲಿ ಬರೆಯಬೇಕು.

1.5 ಟೆಸ್ಲಾ ಯಂತ್ರ. ಊತದ ಎರಡೂ ತುದಿಗೆ ಒಂದೊಂದು ಮೀನೆಣ್ಣೆ ಮಾತ್ರೆಯನ್ನು ಟೇಪಿನಿಂದ ಅಂಟಿಸಲಾಯಿತು. ಅದು ಕೊಬ್ಬು ಅಡಗಿಸದ ಚಿತ್ರದಲ್ಲಿ ಬೆಳ್ಳಗೆ ಕಂಡು ಜಾಗ ತೋರಿಸುತ್ತದೆ. ಕಾಲಿನ ಮೇಲಿಡುವ ಸಂಕೇತಗ್ರಾಹಿ ಕಾಯಿಲ್ ಮೇಲಿನ ಪಟ್ಟಿ ಊತವನ್ನು ಅದುಮಬಾರದು, ಅದುಮಿದರೆ ದೋಷ ಅರ್ಧಕ್ಕರ್ಧ ಖಾಲಿಯಾಗಿ ಅಳತೆ ಕಿರಿದಾಗುತ್ತದೆ. ಮೀನಖಂಡದ ದೋಷವಾದರೆ ರೋಗಿ ಅದರ ಮೇಲೆಯೇ ಮಲಗಿರುತ್ತಾರೆ. ಆಗ ತೊಡೆಯ ಕೆಳಗೂ ಹಿಮ್ಮಡಿಯ ಕೆಳಗೂ ದಿಂಬು ಕೊಟ್ಟು ಮೀನಖಂಡವನ್ನು ತೇಲಿಸಬೇಕು.

ಮೊದಲು ಎರಡೂ ತೊಡೆ ಬರುವಂತೆ ಉದ್ದನೆಯ ಕರೋನಲ್ (ಎದುರಿನಿಂದ ಕಂಡಂತೆ) ಸ್ಟರ್ ಚಿತ್ರ, ಅಂದರೆ ಕೊಬ್ಬಿನ ಹೊಳಪು ಅಡಗಿಸುವ ಬಗೆ, 42 ಸೆಂ.ಮೀ. ವ್ಯಾಪ್ತಿ, 5 ಮಿ.ಮೀ. ಹೋಳು. ಇಷ್ಟು ದೊಡ್ಡ ವ್ಯಾಪ್ತಿಯಲ್ಲಿ ಅಂಚಿನ ಕಾಂತಕ್ಷೇತ್ರ ಏರುಪೇರಾಗಿ ಮಾಮೂಲು ಫ್ಯಾಟ್ ಸ್ಯಾಚುರೇಶನ್ ಕೈಕೊಡುತ್ತದೆ, ಸ್ಟರ್ ಕೊಡುವುದಿಲ್ಲ. ಆಮೇಲೆ ಅಡ್ಡ ಹೋಳುಗಳಲ್ಲಿ ಬೇರೆ ಬೇರೆ ಬಗೆಯ ಚಿತ್ರಗಳು: ಟಿ1, ಕೊಬ್ಬು ಅಡಗಿಸಿದ ಟಿ2, ಗ್ರೇಡಿಯಂಟ್ ಎಕೋ. ಮಂಡಿಗೆ ಪ್ರತ್ಯೇಕವಾಗಿ 3 ಮಿ.ಮೀ. ಸಜಿಟಲ್ (ಪಕ್ಕದಿಂದ ಕಂಡಂತೆ) ಪ್ರೋಟಾನ್ ಡೆನ್ಸಿಟಿ ಚಿತ್ರ.

ಕಾಂಟ್ರಾಸ್ಟ್‌ಗೆ ಮುನ್ನ ಕ್ರಿಯಾಟಿನಿನ್ 0.5. ಮಕ್ಕಳ ಸೂತ್ರದಂತೆ 0.413ನ್ನು ಎತ್ತರದಿಂದ ಗುಣಿಸಿ ಕ್ರಿಯಾಟಿನಿನ್‌ನಿಂದ ಭಾಗಿಸಿದರೆ ಮೂತ್ರಪಿಂಡದ ಸೋಸುವ ದರ ಸುಮಾರು 124, ಧಾರಾಳ. ಕಾಂಟ್ರಾಸ್ಟ್ ಮದ್ದಾದ ಮ್ಯಾಕ್ರೋಸೈಕ್ಲಿಕ್ ಗ್ಯಾಡೊಲಿನಿಯಂ ಕೆ.ಜಿ.ಗೆ 0.1 ಮಿಲಿಮೋಲ್, ಅಂದರೆ 4.2 ಮಿಲಿಮೋಲ್, ಮಿ.ಲೀ.ಗೆ 0.5 ಮಿಲಿಮೋಲ್ ಇರುವ ದ್ರಾವಣದಲ್ಲಿ 8.4 ಮಿ.ಲೀ. ಕೈಯ 22 ಗೇಜ್ ಕ್ಯಾನುಲಾ ಮೂಲಕ ಸೆಕೆಂಡಿಗೆ 2 ಮಿ.ಲೀ. ವೇಗದಲ್ಲಿ, ಹಿಂದೆಯೇ 20 ಮಿ.ಲೀ. ಸಲೈನ್. ಮದ್ದು ಹೋಗುವ ಮುಂಚೆಯೇ ಚಿತ್ರ ಶುರುವಾಗಿ ನಾಲ್ಕು ಸೆಕೆಂಡಿಗೊಂದರಂತೆ ಎರಡು ನಿಮಿಷ ನಡೆಯಬೇಕು. ಮದ್ದಿಲ್ಲದ ಮೊದಲ ಚಿತ್ರವನ್ನು ಉಳಿದವುಗಳಿಂದ ಕಳೆದು ನಾಳಗಳನ್ನು ಬಿಡಿಸಿ ತೋರಿಸುವುದರಿಂದ ಕಾಲು ಒಂದಿಷ್ಟು ಅಲುಗಿದರೂ ಲೆಕ್ಕ ಕೆಡುತ್ತದೆ. ಕೊನೆಗೆ ಕೊಬ್ಬು ಅಡಗಿಸಿದ ಟಿ1, ಐದು ನಿಮಿಷ ಕಳೆದ ಮೇಲೂ ಒಮ್ಮೆ. ಕಾಂಟ್ರಾಸ್ಟ್ ಕೊಟ್ಟ ಮೇಲೆ ಸ್ಟರ್ ತೆಗೆಯಬಾರದು. ಮದ್ದು ಹೀರಿದ ಭಾಗದ ಟಿ1 ಕಾಲ ಕೊಬ್ಬಿನ ಹತ್ತಿರ ಬರುವುದರಿಂದ ಅದೂ ಕೊಬ್ಬಿನ ಜೊತೆಗೇ ಅಳಿಸಿಹೋಗುತ್ತದೆ.

ಕಂಡದ್ದು: ವಾಸ್ಟಸ್ ಮೀಡಿಯಾಲಿಸ್‌ನ ಕೆಳ ಅರ್ಧದಲ್ಲಿ 11.2 × 4.6 × 3.8 ಸೆಂ.ಮೀ. ದೋಷ, ಅಂಚು ಸ್ಪಷ್ಟವಿಲ್ಲ, ಎಳೆಗಳ ನಡುವೆ ನುಗ್ಗಿದೆ. ಟಿ2ನಲ್ಲಿ ಉಜ್ವಲ ಬಿಳಿ, ಒಳಗೆ ಗೋಡೆಗಳು, ಎರಡು ಕಡೆ ಮೇಲೆ ತಿಳಿ ಕೆಳಗೆ ಗಸಿ ನಿಂತಂತೆ ಸಮತಲ ಗೆರೆ. ಮದ್ದು ಹೋಗುತ್ತಿದ್ದಂತೆ ಸಾಲಾಗಿ ತೆಗೆದ ಡೈನಮಿಕ್ ಚಿತ್ರದಲ್ಲಿ ಅಪಧಮನಿಗಳು ಸಹಜ, ಅಭಿಧಮನಿ ಬೇಗ ತುಂಬುವುದಿಲ್ಲ. ಸುಮಾರು 45 ಸೆಕೆಂಡಿನ ನಂತರ ಅಲ್ಲಲ್ಲಿ ಬೆಳ್ಳಗಾಗಿ, ಐದು ನಿಮಿಷಕ್ಕೆ ಬಹುಪಾಲು ತುಂಬುತ್ತದೆ.

ದುಂಡು ಕಪ್ಪು ಚುಕ್ಕೆಗಳ ಬಗ್ಗೆ ಒಂದು ಎಚ್ಚರ. ಹರಳೂ ಕಪ್ಪು, ವೇಗವಾಗಿ ಹರಿಯುವ ರಕ್ತವೂ ಕಪ್ಪು. ಒಂದೇ ಹೋಳು ನೋಡಿ ಎರಡನೆಯದೆಂದು ಬರೆದರೆ ರೋಗಿಗೆ ಆಂಜಿಯೋಗ್ರಾಂ ತನಕ ಅಲೆದಾಟ. ಮುಂದಿನ ಹೋಳುಗಳಿಗೆ ಹಿಂಬಾಲಿಸಿ: ಹರಳು ಒಂದೆರಡು ಹೋಳಿನಲ್ಲಿ ಮುಗಿಯುತ್ತದೆ, ನಾಳ ಕೊಳವೆಯಾಗಿ ಮುಂದುವರಿಯುತ್ತದೆ. ಗ್ರೇಡಿಯಂಟ್ ಎಕೋದಲ್ಲಿ ಹರಿಯುವ ರಕ್ತ ಬಿಳಿಯಾಗುತ್ತದೆ, ಹರಳು ಕಪ್ಪಾಗಿಯೇ ಇರುತ್ತದೆ. ಎಕ್ಸ್‌ರೇ ಪಕ್ಕದಲ್ಲಿಟ್ಟುಕೊಂಡರೆ ಜಗಳವೇ ಇಲ್ಲ.

ಈ ಪರೀಕ್ಷೆಯ ಮುಖ್ಯ ಫಲಿತಾಂಶ ಸ್ನಾಯುವಿನಲ್ಲಿರಲಿಲ್ಲ. ದೋಷದ ಒಂದು ನಾಲಗೆ ಮಂಡಿಚಿಪ್ಪಿನ ಮೇಲಿನ ಕೀಲುಚೀಲದೊಳಕ್ಕೆ ಇಳಿದಿತ್ತು. ಕೀಲಿನ ಒಳಪೊರೆ ಗ್ರೇಡಿಯಂಟ್ ಎಕೋದಲ್ಲಿ ಕಪ್ಪಾಗಿ ಅರಳಿ, ಹಳೆಯ ರಕ್ತಸ್ರಾವದ ಕಬ್ಬಿಣವನ್ನು ತೋರಿಸುತ್ತಿತ್ತು. ತೊಡೆಮೂಳೆಯ ಒಳಗಂಟಿನ ಮೃದ್ವಸ್ಥಿ ಅರ್ಧಕ್ಕಿಂತ ಕಡಿಮೆ ಆಳಕ್ಕೆ ಸವೆದಿತ್ತು. ಎರಡು ಸಲ ಮಂಡಿ ಬಾತದ್ದೂ ಸೂಜಿಯಲ್ಲಿ ರಕ್ತ ಬಂದದ್ದೂ ಇದರಿಂದ. ಹಿಮೋಫಿಲಿಯಾದಲ್ಲಿ ಮಂಡಿ ಕೆಡುವ ರೀತಿಯೇ ಇಲ್ಲೂ ಕೆಡುತ್ತದೆ, ಒಳಗೊಳಗೆ, ಹುಡುಗಿ ಕುಂಟಲು ಶುರುಮಾಡುವ ಮುಂಚೆಯೇ. ಮಂಡಿಯ ಸುತ್ತಲಿನ ಯಾವ ದೋಷದಲ್ಲೂ ಕೀಲಿನೊಳಗೆ ಹೊಕ್ಕಿದೆಯೇ ಎಂಬ ಸಾಲು ವರದಿಯಲ್ಲಿ ಇರಲೇಬೇಕು.

ಸಿಟಿ ಮಾಡಿಸಲಿಲ್ಲ. ವಿಕಿರಣದ ಜೊತೆಗೆ, ನಿಧಾನ ಹರಿವಿನ ದೋಷ ಅದರಲ್ಲಿ ಸ್ನಾಯುವಿನ ಬಣ್ಣಕ್ಕೇ ಹೊಂದಿಕೊಂಡು ಬಿಡುತ್ತದೆ. ಕ್ಯಾಥೆಟರ್ ಆಂಜಿಯೋಗ್ರಾಂ ಕೂಡ ಬೇಕಿರಲಿಲ್ಲ.

ಬೇರೆ ಏನಾಗಿರಬಹುದಿತ್ತು

ಭಯಪಡಬೇಕಾದ್ದು ಸೈನೋವಿಯಲ್ ಸಾರ್ಕೋಮಕ್ಕೆ. ಹದಿಹರೆಯ, ಮಂಡಿಯ ಸುತ್ತು, ಸುಣ್ಣದ ಚುಕ್ಕೆ, ಸಮತಲ ಗೆರೆ ಎಲ್ಲವೂ ಅದಕ್ಕೂ ಸಲ್ಲುತ್ತವೆ. ಸಮತಲ ಗೆರೆ ಕಂಡೊಡನೆ ನಿರುಪದ್ರವಿ ಎಂದು ಬರೆಯುವವರಿದ್ದಾರೆ, ಅದು ಸರಿಯಲ್ಲ. ಬೇರೆ ಮಾಡುವುದು ಘನಭಾಗ. ಒತ್ತಿದರೂ ಇಳಿಯದ, ಬೇಗ ಮದ್ದು ಹೀರುವ ಗಟ್ಟಿ ಗಂಟು ಎಲ್ಲಾದರೂ ಇದ್ದರೆ ಫೈಬ್ರಿನೋಜೆನ್ ಸರಿಪಡಿಸಿ ಆ ಗಂಟಿಗೇ ಗುರಿಯಿಟ್ಟು ಬಯಾಪ್ಸಿ ಮಾಡಬೇಕು. ಇಲ್ಲಿ ಇಳಿಯದ ಮೂರು ಜಾಗಗಳು ಮದ್ದು ಹೀರಲಿಲ್ಲ, ಹೆಪ್ಪು ಎಂಬುದು ಖಚಿತವಾಯಿತು.

ಇನ್ನೊಂದು ಫಾವಾ. 2014ರಲ್ಲಿ ಬೇರೆಯಾಗಿ ಗುರುತಿಸಲ್ಪಟ್ಟದ್ದು, ಸ್ನಾಯುವಿನೊಳಗೆ ಕೊಬ್ಬು, ನಾರು ಮತ್ತು ಅಸಹಜ ಅಭಿಧಮನಿಗಳು ಬೆರೆತ ದೋಷ. ಹುಡುಗಿಯರಲ್ಲಿ, ಮೀನಖಂಡದಲ್ಲಿ ಹೆಚ್ಚು. ನೋವು ತೀವ್ರ, ಕಣಕಾಲು ಕೆಳಕ್ಕೆ ಸೆಟೆದುಕೊಳ್ಳುತ್ತದೆ. ಅದಕ್ಕೆ ಬರೀ ಸ್ಕ್ಲೆರೋಥೆರಪಿ (ಮದ್ದು ಚುಚ್ಚಿ ನಾಳ ಮುಚ್ಚಿಸುವುದು) ಸಾಲದು ಎಂಬ ಕಾರಣಕ್ಕೆ ಬೇರ್ಪಡಿಸುವುದು ಮುಖ್ಯ. ಟಿ1ನಲ್ಲಿ ದೋಷದೊಳಗೆ ಬೆಳ್ಳನೆ ಕೊಬ್ಬು, ಟಿ2ನಲ್ಲಿ ಮಂಕು ಹೊಳಪು, ಅಲ್ಟ್ರಾಸೌಂಡ್‌ನಲ್ಲಿ ಪೊಳ್ಳಿನ ಬದಲು ಬೆಳ್ಳನೆ ಘನಭಾಗ ಕಂಡಿದ್ದರೆ ಆ ದಾರಿ ಹಿಡಿಯಬೇಕಿತ್ತು. ದುಗ್ಧನಾಳದ ದೋಷದಲ್ಲಿ ಪೊಳ್ಳಿನ ಒಳಭಾಗ ಮದ್ದು ಹೀರುವುದಿಲ್ಲ, ಗೋಡೆ ಮಾತ್ರ.

ವರದಿ ಮತ್ತು ಮುಂದಿನದು

ವರದಿಯ ತೀರ್ಮಾನದ ಸಾಲು ಹೀಗಿತ್ತು: ಬಲ ವಾಸ್ಟಸ್ ಮೀಡಿಯಾಲಿಸ್ ಸ್ನಾಯುವಿನ ವೀನಸ್ ಮಾಲ್ಫಾರ್ಮೇಶನ್ (ಅಭಿಧಮನಿಯ ರಚನಾದೋಷ), ನಿಧಾನ ಹರಿವು, ಮಂಡಿ ಕೀಲಿನೊಳಗೆ ವಿಸ್ತರಣೆ, ಹಳೆಯ ಕೀಲು ರಕ್ತಸ್ರಾವದ ಗುರುತು, ಮೂಳೆಯೊಳಗೆ ಹೊಕ್ಕಿಲ್ಲ, ಫೀಮರಲ್ ನಾಳಗಳಿಂದ 8 ಮಿ.ಮೀ. ಅಂತರ, ಸಫೀನಸ್ ನರ ಪಕ್ಕದಲ್ಲೇ, ಆಳದ ಅಭಿಧಮನಿಗಳು ತೆರೆದಿವೆ. ಅಂಚು ಅಸ್ಪಷ್ಟವಾಗಿ 5 ಸೆಂ.ಮೀ. ಮೀರಿದ್ದರಿಂದ, ಅಂಚು ಮತ್ತು ಗಾತ್ರ ನೋಡಿ ಕೊಡುವ ಗೋಯಲ್ ದರ್ಜೆಯಲ್ಲಿ 3. ಈ ದರ್ಜೆಯಲ್ಲಿ ಸ್ಕ್ಲೆರೋಥೆರಪಿಗೆ ಫಲ ಭಾಗಶಃ ಎಂದು ಮನೆಯವರಿಗೆ ಮೊದಲೇ ಹೇಳಬೇಕು.

ಪ್ರೊಪ್ರನೊಲಾಲ್ ನಿಂತಿತು. ಅಳತೆಗೆ ಹೊಲಿದ ಒತ್ತಡದ ಕಾಲುಚೀಲ, ಎಣ್ಣೆ ತಿಕ್ಕುವುದಕ್ಕೆ ತಡೆ, ಖೋ ಖೋ ಬದಲು ಸೈಕಲ್, ತೊಡೆ ಸ್ನಾಯುವಿಗೆ ಫಿಸಿಯೋಥೆರಪಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ರೆಫರಲ್ ಚೀಟಿಯೊಂದಿಗೆ ಬೆಂಗಳೂರಿನ ಕೇಂದ್ರಕ್ಕೆ ಕಳಿಸಲಾಯಿತು; ಚಿತ್ರಗಳ ಸಿಡಿ ಜೊತೆಗೇ ಹೋಗಬೇಕು, ಬರೀ ಫಿಲಂ ಕೊಟ್ಟರೆ ಡೈನಮಿಕ್ ಸರಣಿ ಕಳೆದುಹೋಗುತ್ತದೆ.

ಅಲ್ಲಿ ರಕ್ತತಜ್ಞರ ಸಲಹೆಯಂತೆ ಎರಡು ವಾರ ಕಡಿಮೆ ಅಣುತೂಕದ ಹೆಪಾರಿನ್ ಕೊಟ್ಟಾಗ ಫೈಬ್ರಿನೋಜೆನ್ 230ಕ್ಕೆ ಏರಿತು. ಹೆಪ್ಪು ತಡೆಯುವ ಮದ್ದಿನಿಂದ ರಕ್ತಸ್ರಾವದ ಅಪಾಯ ತಗ್ಗುವುದು ವಿಚಿತ್ರವೆನಿಸಬಹುದು, ಆದರೆ ಒಳಗೆ ಹೆಪ್ಪುಗಟ್ಟುವುದು ನಿಂತರೆ ಫೈಬ್ರಿನೋಜೆನ್ ಉಳಿಯುತ್ತದೆ. ಅರಿವಳಿಕೆ ಕೊಟ್ಟು, ಅಲ್ಟ್ರಾಸೌಂಡ್ ನೋಡುತ್ತ 21 ಗೇಜ್ ಸೂಜಿ ಹಾಕಿ ಕಾಂಟ್ರಾಸ್ಟ್ ಬಿಟ್ಟಾಗ ದೋಷ ತುಂಬಿ ಹೊರಹೋಗುವ ನಾಳ ಕಾಣಲು 6 ಮಿ.ಲೀ. ಬೇಕಾಯಿತು. ಆ ನಾಳ ಸಹಜ ಅಳತೆಯದು, ಸಹಜ ಅಭಿಧಮನಿಗೇ ಸೇರುತ್ತದೆ. ಹೊರಹೋಗುವ ನಾಳ ನೋಡಿ ಮಾಡುವ ಪ್ಯುಯಿಗ್ ವರ್ಗೀಕರಣದಲ್ಲಿ ಇದು 2ನೇ ಬಗೆ. ಮೂರನೇ ಪ್ರಶ್ನೆಯ ಪೂರ್ತಿ ಉತ್ತರ ಸಿಕ್ಕಿದ್ದು ಈ ಹಂತದಲ್ಲಿ. ಒಂದು ಜಾಗಕ್ಕೆ ಬಿಡುವ ಮದ್ದೂ ಆ 6 ಮಿ.ಲೀ. ದಾಟಬಾರದು, ದಾಟಿದರೆ ಆಳದ ಅಭಿಧಮನಿಗೆ ಹೋಗುತ್ತದೆ. ಸ್ಕ್ಲೆರೋಥೆರಪಿಯ ಮದ್ದಾದ 3 ಶೇಕಡಾ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್‌ನ ಒಂದು ಪಾಲಿಗೆ ನಾಲ್ಕು ಪಾಲು ಗಾಳಿ ಬೆರೆಸಿ ನೊರೆ ಮಾಡಿ, ಎರಡು ಸರದಿಗಳಲ್ಲಿ ಕೊಡಲಾಯಿತು. ಕೀಲಿನೊಳಗಿನ ನಾಲಗೆಯನ್ನು ಮೂಳೆ ಶಸ್ತ್ರವೈದ್ಯರು ಒಳಪೊರೆಯ ಸಮೇತ ತೆಗೆದರು.

ಮರು ಎಂಆರ್‌ಐ ಆರು ತಿಂಗಳಿಗೆ. ತೀರಾ ಬೇಗ ತೆಗೆದರೆ ಮದ್ದಿನಿಂದಾದ ಉರಿಯೂತವೇ ಟಿ2ನಲ್ಲಿ ಬೆಳ್ಳಗೆ ಕಂಡು ದೋಷ ದೊಡ್ಡದಾದಂತೆ ಭ್ರಮೆಯಾಗುತ್ತದೆ. ಉದ್ದ 11.2ರಿಂದ 7.5 ಸೆಂ.ಮೀ.ಗೆ ಇಳಿದಿತ್ತು, ಮಂಡಿ ಮತ್ತೆ ಬಾತಿರಲಿಲ್ಲ, ಡಿ-ಡೈಮರ್ 1,100. ಮಂಡಿ 130 ಡಿಗ್ರಿ ಮಡಚುತ್ತಿತ್ತು, ಬೆಳಗಿನ ನೋವು ವಾರಕ್ಕೊಮ್ಮೆಗೆ ಇಳಿದಿತ್ತು. ಉಳಿದ ಭಾಗ ಉಳಿದೇ ಇರುತ್ತದೆ. ಚೀಟಿಯಲ್ಲಿ ಬರೆದುಕೊಟ್ಟದ್ದು: ವರ್ಷಕ್ಕೊಮ್ಮೆ ಕಾಲು ಇಳಿಬಿಟ್ಟು ಡಾಪ್ಲರ್, ಈಸ್ಟ್ರೊಜೆನ್ ಇರುವ ಮಾತ್ರೆ ಬೇಡ, ಮುಂದೆ ಯಾವುದೇ ಆಪರೇಷನ್ ಅಥವಾ ಬಸಿರಿಗೆ ಮುನ್ನ ಫೈಬ್ರಿನೋಜೆನ್ ಮತ್ತು ಡಿ-ಡೈಮರ್, ಊತ ಗಟ್ಟಿಯಾಗಿ ನೋವು ದಿಢೀರ್ ಏರಿದರೆ ಅದೇ ದಿನ ಅಲ್ಟ್ರಾಸೌಂಡ್, ಉಸಿರಾಟಕ್ಕೆ ತೊಂದರೆಯಾದರೆ ನೇರ ತುರ್ತು ವಿಭಾಗಕ್ಕೆ.